ನೇತಾಜಿ ಬದುಕಿದ್ದಾರಂತೆ: ಮುಗಿಯದ ಒಂದು ನಂಬಿಕೆಯ ಹಿನ್ನೆಲೆ

ಕಣ್ಣಾರೆ ಕಂಡದ್ದನ್ನೂ ಬರಿದೆ ಕೇಳಿದ್ದನ್ನೂ ಬೇರ್ಪಡಿಸಲು ಕನ್ನಡದಲ್ಲಿ ‘ಅಂತೆ’ ಎಂಬ ಪುಟ್ಟ ಮಾತಿದೆ. ‘ಅವರು ಬಂದರು’ ಎಂದವನು ಆ ಮಾತಿಗೆ ತಾನೇ ಹೊಣೆಯಾಗುತ್ತಾನೆ. ‘ಅವರು ಬಂದರಂತೆ’ ಎಂದವನು ಹೊಣೆಯನ್ನು ತನಗೆ ಹೇಳಿದವನ ಹೆಗಲಿಗೆ ದಾಟಿಸುತ್ತಾನೆ. ‘ನೇತಾಜಿ ಬದುಕಿದ್ದಾರಂತೆ’ ಎಂಬ ವಾಕ್ಯ 1945ರಿಂದ ಇಂದಿನವರೆಗೆ ಹೀಗೆಯೇ ಹೆಗಲಿಂದ ಹೆಗಲಿಗೆ ದಾಟುತ್ತ ಬಂದಿದೆ. ಸುಭಾಷ್ ಚಂದ್ರ ಬೋಸ್ ಹುಟ್ಟಿದ್ದು 1897ರ ಜನವರಿ 23ರಂದು. ಅಂಥವರು ಈಗ ಬದುಕಿರಲು ಸಾಧ್ಯವಿಲ್ಲವೆಂಬುದು ಎಲ್ಲರಿಗೂ ತಿಳಿದಿದ್ದರೂ ‘ಆಗ ಸಾಯಲಿಲ್ಲವಂತೆ’ ಎಂಬ ಮಾತು ಮಾತ್ರ ಸತ್ತಿಲ್ಲ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಈ ನಂಬಿಕೆಯ ಹುಟ್ಟನ್ನು ಕೆದಕುತ್ತ ಹೋದರೆ, ಅದಕ್ಕೆ ಮೊದಲ ಕಾರಣಗಳನ್ನು ಒದಗಿಸಿದ್ದು ಸ್ವತಃ ನೇತಾಜಿಯ ಬದುಕು, ನಂತರದ ಕಾರಣಗಳನ್ನು ಒದಗಿಸಿದ್ದು ನಮ್ಮ ಸರ್ಕಾರಗಳ ಮೌನ ಎಂಬುದು ಕಾಣುತ್ತದೆ.

ಮೊದಲು ಕಂಡವರು ಹೇಳಿದ್ದನ್ನು ನೋಡೋಣ. 1945ರ ಆಗಸ್ಟ್ 15ರಂದು ಜಪಾನ್ ಶರಣಾಗತಿಯನ್ನು ಪ್ರಕಟಿಸಿತು. ಮರುದಿನ ಬೋಸ್ ಸಿಂಗಾಪುರದಿಂದ ಬ್ಯಾಂಕಾಕಿಗೂ, 17ರಂದು ಅಲ್ಲಿಂದ ಸೈಗಾನಿಗೂ ಬಂದರು. ಅವರೊಂದಿಗೆ ಆಜಾದ್ ಹಿಂದ್ ಸರ್ಕಾರದ ಹಲವು ಸಹಚರರಿದ್ದರು. ಆದರೆ ಸೈಗಾನಿನಿಂದ ಹೊರಟಿದ್ದ ಜಪಾನಿ ಸೇನೆಯ ಬಾಂಬರ್ ವಿಮಾನದಲ್ಲಿ ಬಹಳ ಹೊತ್ತಿನ ಚರ್ಚೆಯ ಬಳಿಕ ಸಿಕ್ಕಿದ್ದು ಎರಡೇ ಸ್ಥಳ. ಒಂದರಲ್ಲಿ ಬೋಸ್, ಇನ್ನೊಂದರಲ್ಲಿ ಕರ್ನಲ್ ಹಬೀಬುರ್ ರೆಹಮಾನ್ ಕುಳಿತರು. ಪ್ರಚಾರ ಖಾತೆಯ ಸಚಿವರಾಗಿದ್ದ ಎಸ್. ಎ. ಅಯ್ಯರ್ ಸೇರಿದಂತೆ ಉಳಿದವರೆಲ್ಲ ನೆಲದ ಮೇಲೆ ನಿಂತು ಬೀಳ್ಕೊಟ್ಟರು. ಮುಂದಿನ ಎಪ್ಪತ್ತು ವರ್ಷಗಳ ವಾದವಿವಾದಕ್ಕೆ ಈ ಎರಡು ಸೀಟುಗಳ ಲೆಕ್ಕವೂ ಒಂದು ಕಾರಣ. ಏಕೆಂದರೆ ಮುಂದೆ ನಡೆದದ್ದನ್ನು ಕಂಡ ಭಾರತೀಯ ಒಬ್ಬನೇ ಒಬ್ಬ.

ಅದೇ ವಿಮಾನದಲ್ಲಿ ಜಪಾನಿನ ಲೆಫ್ಟಿನೆಂಟ್ ಜನರಲ್ ಶಿದೇಯಿ ಮಂಚೂರಿಯದ ದೈರೆನ್ ನಗರಕ್ಕೆ ಹೊರಟಿದ್ದರು. ವಿಮಾನ ರಾತ್ರಿ ತುರಾನ್‌ನಲ್ಲಿ, ಅಂದರೆ ಇಂದಿನ ದನಾಂಗ್‌ನಲ್ಲಿ ತಂಗಿತು. ಭಾರ ಹೆಚ್ಚಾಗಿದೆಯೆಂದು ಅಲ್ಲಿ ಮೆಷಿನ್ ಗನ್‌ಗಳನ್ನು ಇಳಿಸಲಾಯಿತು. ಆಗಸ್ಟ್ 18ರ ಮಧ್ಯಾಹ್ನ ಅದು ಆಗ ಜಪಾನಿನ ವಸಾಹತಾಗಿದ್ದ ತೈವಾನಿನ ತೈಹೋಕುವಿನಲ್ಲಿ, ಅಂದರೆ ಇಂದಿನ ತೈಪೆಯಲ್ಲಿ, ಇಂಧನ ತುಂಬಿಸಿಕೊಂಡು ಮೇಲೇರಿತು. ಏರುತ್ತಿದ್ದಂತೆಯೇ ಎಡಗಡೆಯ ಪ್ರೊಪೆಲರ್ ಕಳಚಿ, ವಿಮಾನ ನೆಲಕ್ಕಪ್ಪಳಿಸಿ ಉರಿಯಿತು. ಶಿದೇಯಿ ಮತ್ತು ವಿಮಾನ ಚಾಲಕ ಸ್ಥಳದಲ್ಲೇ ಸತ್ತರು. ಹಿಂದಿನ ಬಾಗಿಲಿಗೆ ಸಾಮಾನು ಅಡ್ಡವಾಗಿದ್ದರಿಂದ ಬೋಸ್ ಮುಂಭಾಗದ ಬೆಂಕಿಯ ನಡುವಿನಿಂದಲೇ ಹೊರಬಂದರು. ಮೈಮೇಲೆ ಪೆಟ್ರೋಲ್ ಚೆಲ್ಲಿದ್ದರಿಂದ ಬಟ್ಟೆಗೆ ಬೆಂಕಿ ಹತ್ತಿಕೊಂಡಿತ್ತು. ಅದನ್ನು ಆರಿಸಲು ಹೋದ ರೆಹಮಾನರ ಕೈಗಳೂ ಸುಟ್ಟವು. ಹತ್ತಿರದ ಸೇನಾ ಆಸ್ಪತ್ರೆಯಲ್ಲಿ ವೈದ್ಯರಾದ ಯೋಶಿಮಿ ಮತ್ತು ತ್ಸುರುತಾ ಚಿಕಿತ್ಸೆ ನೀಡಿದರು. ಅದೇ ರಾತ್ರಿ ಬೋಸ್ ತೀರಿಕೊಂಡರು. ತೈಪೆಯಲ್ಲೇ ದಹನ ನಡೆಯಿತು. ಚಿತಾಭಸ್ಮವನ್ನು ಸೆಪ್ಟೆಂಬರಿನಲ್ಲಿ ಟೋಕಿಯೊಗೆ ತಂದು ರೆಂಕೋಜಿ ಎಂಬ ಬೌದ್ಧ ದೇವಾಲಯದಲ್ಲಿ ಇರಿಸಲಾಯಿತು.

ಈ ವಿವರವನ್ನು ಹೇಳಿದ್ದು ರೆಹಮಾನ್ ಒಬ್ಬರೇ ಅಲ್ಲ. ವಿಮಾನದಲ್ಲಿದ್ದು ಬದುಕುಳಿದ ಜಪಾನಿ ಅಧಿಕಾರಿಗಳು, ಆಸ್ಪತ್ರೆಯ ವೈದ್ಯರು ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ತನಿಖಾಧಿಕಾರಿಗಳ ಮುಂದೆ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಗಡಿಯಾರ ಎಷ್ಟು ಗಂಟೆ ತೋರಿಸುತ್ತಿತ್ತು, ಯಾರು ಎಲ್ಲಿ ಕುಳಿತಿದ್ದರು, ವಿಮಾನ ಎಷ್ಟು ಎತ್ತರಕ್ಕೆ ಏರಿತ್ತು ಎಂಬುದರಲ್ಲಿ ಅವರ ಮಾತುಗಳು ಹೊಂದುವುದಿಲ್ಲ. ಉರಿಯುವ ವಿಮಾನದಿಂದ ಹೊರಬಿದ್ದವರನ್ನು ಹತ್ತು ವರ್ಷಗಳ ಬಳಿಕ ಪ್ರಶ್ನಿಸಿದಾಗ ಎಲ್ಲರೂ ಒಂದೇ ಅಕ್ಷರದಲ್ಲಿ ಉತ್ತರಿಸಿದ್ದರೆ, ಪಾಠ ಒಪ್ಪಿಸಿದ್ದಾರೆಂದು ಅನುಮಾನಿಸಲು ನನಗೆ ಹೆಚ್ಚು ಕಾರಣವಿರುತ್ತಿತ್ತು.

ಆದರೆ ಈ ಸುದ್ದಿ ಜನರನ್ನು ತಲುಪಿದ ಬಗೆ ಬಹಳ ಕೆಟ್ಟದಾಗಿತ್ತು. ಸಾವು ಸಂಭವಿಸಿ ಐದು ದಿನಗಳಾದ ಮೇಲೆ, ಆಗಸ್ಟ್ 23ರಂದು, ಜಪಾನಿನ ದೊಮೇಯಿ ಸುದ್ದಿಸಂಸ್ಥೆ ಅದನ್ನು ಪ್ರಕಟಿಸಿತು. ಪ್ರಕಟಣೆಯಲ್ಲಿ ಅವರು ತೀರಿಕೊಂಡದ್ದು ಜಪಾನಿನ ಆಸ್ಪತ್ರೆಯಲ್ಲಿ ಎಂದಿತ್ತು. ಸಾವಿನ ಸಮಯವೂ ವೈದ್ಯರು ಮುಂದೆ ಹೇಳಿದ ಸಮಯಕ್ಕಿಂತ ಬೇರೆಯಾಗಿತ್ತು. ಮೃತರ ಮುಖದ ಫೋಟೋ ಇರಲಿಲ್ಲ. ಸೋತ ದೇಶವೊಂದು ತನ್ನ ಕಡತಗಳನ್ನು ತಾನೇ ಸುಡುತ್ತಿದ್ದ ವಾರಗಳವು. ನಂಬಿಸಲೇಬೇಕಾದ ಸುದ್ದಿಯನ್ನು ನಂಬಲಾಗದ ರೂಪದಲ್ಲಿ ಕೊಟ್ಟಂತಾಯಿತು.

ಕೇಳುವವರ ಮನಸ್ಸಿನಲ್ಲಿ ಆಗಲೇ ಇದ್ದ ನೆನಪುಗಳನ್ನೂ ಇದರ ಜೊತೆಗಿಟ್ಟು ನೋಡಬೇಕು. ಸಾವಿನ ಸುದ್ದಿ ಬಂದ ವ್ಯಕ್ತಿ ಕಣ್ಮರೆಯಾಗುವುದರಲ್ಲಿ ಪಳಗಿದವರು. 1941ರ ಜನವರಿಯಲ್ಲಿ, ಕಲ್ಕತ್ತದ ಎಲ್ಗಿನ್ ರಸ್ತೆಯ ಮನೆಯ ಸುತ್ತ ಪೊಲೀಸರ ಕಣ್ಣಿದ್ದಾಗಲೇ, ಅವರು ಮಹಮ್ಮದ್ ಜಿಯಾವುದ್ದೀನ್ ಎಂಬ ವಿಮಾ ಏಜೆಂಟನ ವೇಷದಲ್ಲಿ ಹೊರಬಿದ್ದರು. ಅಣ್ಣನ ಮಗ ಶಿಶಿರ್ ಬೋಸ್ ಕಾರು ಓಡಿಸಿಕೊಂಡು ಗೋಮೋ ರೈಲು ನಿಲ್ದಾಣದ ಕಡೆಗೆ ಕರೆದೊಯ್ದರು. ಅಲ್ಲಿಂದ ಪೇಶಾವರ, ಕಾಬೂಲ್. ಕಾಬೂಲಿನಿಂದ ಓರ್ಲಾಂಡೊ ಮಝೊಟ್ಟಾ ಎಂಬ ಇಟಲಿಯವನ ಹೆಸರಿನ ಪಾಸ್‌ಪೋರ್ಟ್ ಹಿಡಿದು ಮಾಸ್ಕೊ ದಾರಿಯಾಗಿ ಬರ್ಲಿನ್. ಬ್ರಿಟಿಷ್ ಸಾಮ್ರಾಜ್ಯದ ಗೂಢಚಾರರು ಹುಡುಕುತ್ತಿದ್ದಾಗ ಅವರು ಎರಡು ಖಂಡಗಳನ್ನು ದಾಟಿದ್ದರು. ಮುಂದೆ 1943ರ ಫೆಬ್ರವರಿಯಲ್ಲಿ ಜರ್ಮನಿಯ ಕೀಲ್ ಬಂದರಿನಿಂದ ಜಲಾಂತರ್ಗಾಮಿಯೊಂದರಲ್ಲಿ ಹೊರಟು, ಏಪ್ರಿಲ್ ಕೊನೆಯಲ್ಲಿ ಮಡಗಾಸ್ಕರ್ ಸಮೀಪದ ಕಡಲಿನಲ್ಲಿ ರಬ್ಬರ್ ದೋಣಿಯ ಮೂಲಕ ಜಪಾನಿ ಜಲಾಂತರ್ಗಾಮಿಗೆ ಬದಲಾಯಿಸಿಕೊಂಡು ಏಷ್ಯಾ ತಲುಪಿದರು. ಅಬೀದ್ ಹಸನ್ ಒಬ್ಬರೇ ಆ ಯಾನದ ಭಾರತೀಯ ಸಂಗಾತಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು 1942ರ ಮಾರ್ಚ್ ತಿಂಗಳ ಘಟನೆಯೆಂದು ನನಗನ್ನಿಸುತ್ತದೆ. ಆಗಲೂ ಬೋಸ್ ವಿಮಾನ ಅಪಘಾತದಲ್ಲಿ ತೀರಿಕೊಂಡರೆಂಬ ಸುದ್ದಿ ಜಗತ್ತಿಗೆಲ್ಲ ಹರಡಿತ್ತು. ಗಾಂಧೀಜಿಯವರು ತಾಯಿ ಪ್ರಭಾವತಿ ದೇವಿಗೆ ಸಂತಾಪದ ತಂತಿಯನ್ನೂ ಕಳಿಸಿದ್ದರು. ಕೆಲವೇ ದಿನಗಳಲ್ಲಿ ಬರ್ಲಿನ್ನಿನ ಬಾನುಲಿಯಲ್ಲಿ ಸುಭಾಷರ ದನಿ ಕೇಳಿಬಂತು. ಅದೇ ಮನುಷ್ಯ, ಅದೇ ವಿಮಾನ ಅಪಘಾತ, ಅದೇ ಬಗೆಯ ಸುದ್ದಿ ಮೂರು ವರ್ಷಗಳ ಬಳಿಕ ಮತ್ತೆ ಬಂದಾಗ, ಒಮ್ಮೆ ಅತ್ತು ಆಮೇಲೆ ಹಿಗ್ಗಿದ್ದ ಜನ ಎರಡನೆಯ ಬಾರಿ ಕಾಯುವುದೇ ವಿವೇಕವೆಂದು ಭಾವಿಸಿದರೆ ಅವರನ್ನು ಹೇಗೆ ದೂರುವುದು?

ಸಂಶಯ ಜನಸಾಮಾನ್ಯರಿಗೆ ಮಾತ್ರ ಬಂದದ್ದೂ ಅಲ್ಲ. ವೈಸರಾಯ್ ವೇವಲ್ ಸುದ್ದಿ ಬಂದ ಮರುದಿನವೇ ತಮ್ಮ ದಿನಚರಿಯಲ್ಲಿ ಅದನ್ನು ಪೂರ್ತಿ ನಂಬಲಾಗದೆಂಬ ಅರ್ಥದ ಮಾತು ಬರೆದುಕೊಂಡರು. ಗಾಂಧೀಜಿ 1946ರ ಆರಂಭದಲ್ಲಿ ಸುಭಾಷ್ ಬದುಕಿದ್ದಾರೆಂದು ತಮಗನ್ನಿಸುವುದಾಗಿ ಹೇಳಿದ್ದರು. ಅವರ ಬಾಯಿಂದ ಬಂದ ಆ ಮಾತು ಕಾಳ್ಗಿಚ್ಚಿನಂತೆ ಹರಡಿತು. ಹಬೀಬುರ್ ರೆಹಮಾನರ ವಿವರಣೆ ತಿಳಿದ ಮೇಲೆ ಅವರೇ ‘ಹರಿಜನ’ ಪತ್ರಿಕೆಯಲ್ಲಿ, ತಮ್ಮದು ಬರೀ ಮನಸ್ಸಿನ ಭಾವನೆಯಾಗಿತ್ತು, ಅದಕ್ಕೆ ಆಧಾರವಿಲ್ಲ, ಅದನ್ನು ಮರೆತುಬಿಡಿ ಎಂಬ ಆಶಯದಲ್ಲಿ ಬರೆದರು. ಮೊದಲ ಮಾತನ್ನು ದೇಶವೆಲ್ಲ ನೆನಪಿಟ್ಟುಕೊಂಡಿತು, ಎರಡನೆಯದನ್ನು ನೆನಪಿಟ್ಟವರು ಕೆಲವರೇ.

ಸ್ವತಂತ್ರ ಭಾರತ ಈ ಪ್ರಶ್ನೆಯನ್ನು ಮೂರು ಬಾರಿ ಅಧಿಕೃತವಾಗಿ ಕೈಗೆತ್ತಿಕೊಂಡಿತು. 1956ರಲ್ಲಿ ಬೋಸರ ಸೇನೆಯಾದ ಐಎನ್‌ಎಯ ದಂಡನಾಯಕರಾಗಿದ್ದ ಷಾ ನವಾಜ್ ಖಾನ್ ನೇತೃತ್ವದ ಮೂವರ ಸಮಿತಿ ಟೋಕಿಯೊ, ಸೈಗಾನ್, ಬ್ಯಾಂಕಾಕ್‌ಗಳಿಗೆ ಹೋಗಿ 67 ಸಾಕ್ಷಿಗಳನ್ನು ವಿಚಾರಿಸಿ, ಅಪಘಾತದ ಸಾವೇ ನಿಜವೆಂದಿತು. ಆದರೆ ಸಮಿತಿಯ ಸದಸ್ಯರೂ ನೇತಾಜಿಯ ಅಣ್ಣನೂ ಆದ ಸುರೇಶ್ ಚಂದ್ರ ಬೋಸ್ ಅದನ್ನೊಪ್ಪದೆ ಭಿನ್ನಮತದ ವರದಿ ಬರೆದರು. ಒಡಹುಟ್ಟಿದವನೇ ಒಪ್ಪದ ಸಾವನ್ನು ಊರು ಒಪ್ಪುವುದು ಕಷ್ಟ. 1970ರಲ್ಲಿ ನೇಮಕವಾದ ನ್ಯಾಯಮೂರ್ತಿ ಜಿ. ಡಿ. ಖೋಸ್ಲಾ ಆಯೋಗ 224 ಸಾಕ್ಷಿಗಳನ್ನು ಕೇಳಿ 1974ರಲ್ಲಿ ಅದೇ ತೀರ್ಮಾನಕ್ಕೆ ಬಂತು. ನಾಲ್ಕು ವರ್ಷಗಳ ಬಳಿಕ ಪ್ರಧಾನಿ ಮೊರಾರ್ಜಿ ದೇಸಾಯಿ ಸಂಸತ್ತಿನಲ್ಲಿ ನಿಂತು, ಈ ಎರಡೂ ವರದಿಗಳ ತೀರ್ಮಾನವನ್ನು ನಿರ್ಣಾಯಕವೆಂದು ಒಪ್ಪಲಾಗದೆಂದು ಹೇಳಿಬಿಟ್ಟರು. ಕಲ್ಕತ್ತ ಹೈಕೋರ್ಟಿನ ಆದೇಶದ ಫಲವಾಗಿ 1999ರಲ್ಲಿ ರಚನೆಯಾದ ನ್ಯಾಯಮೂರ್ತಿ ಮನೋಜ್ ಕುಮಾರ್ ಮುಖರ್ಜಿ ಆಯೋಗ, 2005ರಲ್ಲಿ ಕೊಟ್ಟ ವರದಿಯಲ್ಲಿ ಹಿಂದಿನ ಎರಡನ್ನೂ ತಿರುಗಿಸಿ ಹಾಕಿತು: ನೇತಾಜಿ ತೀರಿಕೊಂಡಿದ್ದಾರೆ, ಆದರೆ ವಿಮಾನ ಅಪಘಾತದಲ್ಲಲ್ಲ, ರೆಂಕೋಜಿಯಲ್ಲಿರುವ ಭಸ್ಮ ಅವರದಲ್ಲ. 2006ರ ಮೇ ತಿಂಗಳಲ್ಲಿ ಸರ್ಕಾರ ಆ ವರದಿಯನ್ನು ಸಂಸತ್ತಿನ ಮುಂದಿಟ್ಟು, ಅದರ ತೀರ್ಮಾನವನ್ನು ಒಪ್ಪುವುದಿಲ್ಲವೆಂದಿತು.

ಮುಖರ್ಜಿ ಆಯೋಗದ ಆಧಾರಗಳನ್ನು ಗಂಭೀರವಾಗಿಯೇ ನೋಡಬೇಕು. ಅವುಗಳಲ್ಲಿ ಎರಡು ಮುಖ್ಯ. ತೈವಾನಿನ ಅಧಿಕಾರಿಗಳು ಆ ದಿನ ಅಲ್ಲಿ ಅಂಥ ಅಪಘಾತವಾದ ದಾಖಲೆ ತಮ್ಮಲ್ಲಿಲ್ಲವೆಂದು ತಿಳಿಸಿದ್ದರು. ತೈಪೆಯ ದಹನ ದಾಖಲೆಗಳಲ್ಲಿ ಬೋಸರ ಹೆಸರಿರಲಿಲ್ಲ, ಅವರದೆಂದು ತೋರಿಸಲಾಗುತ್ತಿದ್ದ ದಾಖಲೆ ಇಚಿರೊ ಓಕುರಾ ಎಂಬ ಜಪಾನಿ ಸೈನಿಕನ ಹೆಸರಿನಲ್ಲಿತ್ತು. ಮೊದಲನೆಯದರ ತೂಕ ನನಗೆ ಕಡಿಮೆಯೆಂದೇ ಕಾಣುತ್ತದೆ. 1945ರ ಆಗಸ್ಟಿನಲ್ಲಿ ಆ ವಿಮಾನ ನಿಲ್ದಾಣ ಜಪಾನಿ ಸೇನೆಯ ಕೈಯಲ್ಲಿತ್ತು. ಚೀನೀ ರಾಷ್ಟ್ರೀಯವಾದಿ ಸರ್ಕಾರ ತೈವಾನಿನ ಆಡಳಿತ ವಹಿಸಿಕೊಂಡದ್ದು ಅಕ್ಟೋಬರ್ 25ರಂದು. ಹೊರಟುಹೋದ ಸೇನೆಯ ಅಪಘಾತದ ಕಾಗದ ಆಮೇಲೆ ಬಂದ ಸರ್ಕಾರದ ಕಪಾಟಿನಲ್ಲಿ ಸಿಗದಿದ್ದರೆ ಅದರಿಂದ ಅಪಘಾತವೇ ಆಗಲಿಲ್ಲವೆಂದು ಹೇಳಲಾಗದು. ಎರಡನೆಯದು ಹೆಚ್ಚು ಕಾಡುವ ಪ್ರಶ್ನೆ. ಸೋಲಿನ ಗೊಂದಲದಲ್ಲಿ, ಮಿತ್ರರಾಷ್ಟ್ರಗಳು ಹುಡುಕುತ್ತಿದ್ದ ನಾಯಕನ ಹೆಸರನ್ನು ಜಪಾನಿ ಅಧಿಕಾರಿಗಳು ಬೇಕೆಂದೇ ದಾಖಲಿಸದೆ ಇದ್ದಿರಬಹುದು ಎಂಬ ವಿವರಣೆ ಸಾಧ್ಯವಾದದ್ದು, ಆದರೆ ಅದೂ ಊಹೆಯೇ. ಆಯೋಗದ ದೊಡ್ಡ ಕೊರತೆ ಬೇರೊಂದು: ಅಪಘಾತವಲ್ಲದಿದ್ದರೆ ಅವರು ಎಲ್ಲಿ, ಯಾವಾಗ, ಹೇಗೆ ತೀರಿಕೊಂಡರು ಎಂಬ ಪ್ರಶ್ನೆಗೆ ಅದು ಉತ್ತರ ಕೊಡಲಿಲ್ಲ. ಆ ಖಾಲಿ ಜಾಗವನ್ನು ತುಂಬುವ ಕೆಲಸವನ್ನು ‘ಅಂತೆ’ಗಳು ವಹಿಸಿಕೊಂಡವು.

ಅವುಗಳಲ್ಲಿ ಒಂದು ರಷ್ಯಾದ ಕಥೆ. ಅದರ ಬೇರು ನಿಜದಲ್ಲೇ ಇದೆ. ಜಪಾನ್ ಸೋತ ಮೇಲೆ ಸೋವಿಯತ್ ಒಕ್ಕೂಟದ ಆಶ್ರಯ ಪಡೆದು ಅಲ್ಲಿಂದ ಹೋರಾಟ ಮುಂದುವರಿಸಬೇಕೆಂಬುದು ಬೋಸರ ಆಲೋಚನೆಯಾಗಿತ್ತು, ಮತ್ತು ಶಿದೇಯಿಯ ವಿಮಾನ ಮಂಚೂರಿಯದ ಕಡೆಗೆ ಹೋಗುತ್ತಿದ್ದುದೇ ಅವರು ಅದನ್ನೇರಲು ಕಾರಣ. ಹೋಗಲು ಬಯಸಿದ್ದರು ಎಂಬಲ್ಲಿಂದ ಹೋಗಿ ಸೇರಿದರಂತೆ, ಅಲ್ಲಿ ಸ್ಟಾಲಿನ್‌ನ ಸೆರೆಯಲ್ಲಿದ್ದರಂತೆ ಎಂಬಲ್ಲಿಗೆ ಕಥೆ ಬೆಳೆಯಿತು. ಅವರನ್ನು ಅಲ್ಲಿ ಕಂಡ ಒಂದು ನಂಬಲರ್ಹ ದಾಖಲೆಯೂ ಹೊರಬಂದಿಲ್ಲ.

ಇನ್ನೊಂದು ಧಾರೆ ಸನ್ಯಾಸಿಯದು, ಮತ್ತು ಜನರ ಮನಸ್ಸನ್ನು ಹಿಡಿದದ್ದು ಇದೇ. ಸತ್ತನೆಂದವನು ಕಾವಿ ತೊಟ್ಟು ಮರಳಬಹುದೆಂಬುದು ಆ ಕಾಲದ ಬಂಗಾಳಕ್ಕೆ ಅಜ್ಜಿಕಥೆಯಾಗಿರಲಿಲ್ಲ, ನ್ಯಾಯಾಲಯವೇ ಒಪ್ಪಿದ ಸಂಗತಿಯಾಗಿತ್ತು. ಢಾಕಾ ಸಮೀಪದ ಭವಾಲ್ ಜಮೀನ್ದಾರಿಯ ಎರಡನೆಯ ಕುಮಾರ ರಮೇಂದ್ರ ನಾರಾಯಣ ರಾಯ್ 1909ರಲ್ಲಿ ದಾರ್ಜಿಲಿಂಗಿನಲ್ಲಿ ತೀರಿಕೊಂಡನೆಂದು ಅಂತ್ಯಕ್ರಿಯೆಯೂ ಆಗಿತ್ತೆಂದು ನಂಬಲಾಗಿತ್ತು. ಹನ್ನೆರಡು ವರ್ಷಗಳ ನಂತರ ಢಾಕಾದ ನದಿದಂಡೆಯಲ್ಲಿ ಬೂದಿ ಬಳಿದುಕೊಂಡ ಸನ್ಯಾಸಿಯೊಬ್ಬ ಕಾಣಿಸಿಕೊಂಡ. ತಾನೇ ಆ ಕುಮಾರನೆಂದ. 1936ರಲ್ಲಿ ಢಾಕಾದ ನ್ಯಾಯಾಲಯ ಅವನ ಮಾತನ್ನೊಪ್ಪಿತು, ಹೈಕೋರ್ಟ್ ಎತ್ತಿಹಿಡಿಯಿತು, ಕೊನೆಗೆ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ 1946ರ ಜುಲೈನಲ್ಲಿ, ಅಂದರೆ ತೈಪೆಯ ಅಪಘಾತವಾಗಿ ಒಂದು ವರ್ಷವೂ ತುಂಬುವ ಮೊದಲೇ, ಅವನ ಪರವಾಗಿ ತೀರ್ಪು ಕೊಟ್ಟಿತು. ಇಂಥ ತೀರ್ಪನ್ನು ಪತ್ರಿಕೆಗಳಲ್ಲಿ ಓದಿದ ನಾಡಿನ ಜನ ತಮ್ಮ ಸುಭಾಷರಿಗೂ ಆ ಸಾಧ್ಯತೆಯನ್ನು ಬಿಟ್ಟುಕೊಡದೆ ಇದ್ದಾರೆಯೇ? ಅಲ್ಲದೆ ಸುಭಾಷರೇ 1914ರಲ್ಲಿ, ಹದಿನೇಳರ ಹರೆಯದಲ್ಲಿ, ಮನೆಯಲ್ಲಿ ಹೇಳದೆ ಗುರುವನ್ನು ಅರಸುತ್ತ ಹರಿದ್ವಾರ, ಮಥುರಾ, ಕಾಶಿ ಸುತ್ತಿ ಬಂದವರು. ವಿವೇಕಾನಂದರನ್ನು ಓದಿ ಬೆಳೆದ ಆ ಹುಡುಗ ಕೊನೆಗೆ ಕಾವಿಗೆ ಮರಳಿದನೆಂಬ ಕಥೆ ಅವರ ಬದುಕಿನೊಳಗಿನ ಎಳೆಯೊಂದನ್ನೇ ಹಿಡಿದು ಬೆಳೆದಿದೆ.

1960ರ ಆಸುಪಾಸಿನಲ್ಲಿ ಉತ್ತರ ಬಂಗಾಳದ ಶೌಲ್ಮಾರಿ ಆಶ್ರಮದ ಸಾಧುವೇ ನೇತಾಜಿಯೆಂಬ ಮಾತು ಹಬ್ಬಿತು; ಕಾಬೂಲಿನಲ್ಲಿ ಬೋಸರಿಗೆ ತನ್ನ ಮನೆಯಲ್ಲೇ ಆಶ್ರಯ ಕೊಟ್ಟಿದ್ದ ಉತ್ತಮ್ ಚಂದ್ ಮಲ್ಹೋತ್ರ ಕೂಡ ಅದನ್ನು ನಂಬಿದರು. ಆ ಸಾಧು ಸ್ವತಃ ತಾನು ಸುಭಾಷನಲ್ಲವೆಂದರೂ, ಗುಟ್ಟು ಕಾಯುವವನು ಮತ್ತೇನು ಹೇಳಿಯಾನು ಎಂದು ಭಕ್ತರು ಅದನ್ನೇ ಸಾಕ್ಷಿಯಾಗಿಸಿಕೊಂಡರು. 1964ರಲ್ಲಿ ನೆಹರೂ ಅವರ ಅಂತಿಮ ದರ್ಶನದ ಚಿತ್ರವೊಂದರಲ್ಲಿ ಕನ್ನಡಕ ತೊಟ್ಟ ಭಿಕ್ಷುವೊಬ್ಬರನ್ನು ತೋರಿಸಿ ಇವರೇ ಅವರು ಎನ್ನಲಾಯಿತು. ಅವರು ಕಾಂಬೋಡಿಯದ ಬೌದ್ಧ ಭಿಕ್ಷು ಧಮ್ಮವರ.

ಎಲ್ಲರಿಗಿಂತ ಹೆಚ್ಚು ಕಾಲ ಉಳಿದದ್ದು ಫೈಜಾಬಾದಿನ ಗುಮ್ನಾಮಿ ಬಾಬಾರ ಪ್ರಕರಣ. ಹೆಸರಿಲ್ಲದವರು ಎಂಬುದೇ ಆ ಹೆಸರಿನ ಅರ್ಥ. ಅಯೋಧ್ಯೆ, ಬಸ್ತಿಗಳಲ್ಲಿ ಹಲವು ವರ್ಷ ಪರದೆಯ ಹಿಂದೆ ಕುಳಿತೇ ಮಾತನಾಡುತ್ತಿದ್ದ ಅವರು 1985ರ ಸೆಪ್ಟೆಂಬರ್ 16ರಂದು ಫೈಜಾಬಾದಿನ ರಾಮಭವನದಲ್ಲಿ ತೀರಿಕೊಂಡರು. ಸರಯೂ ತೀರದ ಗುಪ್ತಾರ್ ಘಾಟಿನಲ್ಲಿ ದಹನವಾಯಿತು. ಕೋಣೆ ತೆರೆದಾಗ ಸಿಕ್ಕದ್ದು ಬೋಸ್ ಕುಟುಂಬದ ಫೋಟೋಗಳು, ದುಂಡು ಕನ್ನಡಕ, ದುರ್ಬೀನು, ಬಂಗಾಳಿ ಮತ್ತು ಇಂಗ್ಲಿಷ್ ಪುಸ್ತಕಗಳ ರಾಶಿ, ನೇತಾಜಿಯ ಹುಟ್ಟುಹಬ್ಬಕ್ಕೆ ಬರುತ್ತಿದ್ದ ಅನುಯಾಯಿಗಳ ಪತ್ರಗಳು. ನೇತಾಜಿಯ ಅಣ್ಣನ ಮಗಳು ಲಲಿತಾ ಬೋಸ್ ಆ ವಸ್ತುಗಳ ರಕ್ಷಣೆಗಾಗಿ ನ್ಯಾಯಾಲಯದ ಮೆಟ್ಟಿಲೇರಿದರು. ಮುಖರ್ಜಿ ಆಯೋಗ ಅಲ್ಲಿ ಸಿಕ್ಕ ಹಲ್ಲುಗಳ ಡಿಎನ್‌ಎ ಪರೀಕ್ಷೆ ಮಾಡಿಸಿದಾಗ ಅದು ಬೋಸ್ ಕುಟುಂಬದ ಮಾದರಿಗಳೊಂದಿಗೆ ಹೊಂದಲಿಲ್ಲ. ಕೈಬರಹದ ಬಗ್ಗೆ ತಜ್ಞರಲ್ಲೇ ಒಮ್ಮತ ಇರಲಿಲ್ಲ. ಉತ್ತರ ಪ್ರದೇಶ ಸರ್ಕಾರ 2016ರಲ್ಲಿ ನೇಮಿಸಿದ ನ್ಯಾಯಮೂರ್ತಿ ವಿಷ್ಣು ಸಹಾಯ್ ಆಯೋಗ, ಆ ಬಾಬಾ ನೇತಾಜಿಯಲ್ಲ, ನೇತಾಜಿಯ ಅನುಯಾಯಿ ಎಂದಿತು. ನನಗೆ ಈ ಕಥೆಯಲ್ಲಿ ಮನ ಕಲಕುವುದು ಆ ವಸ್ತುಗಳೇ. ಅವರು ಯಾರೇ ಆಗಿರಲಿ, ಒಬ್ಬ ನಾಯಕನ ನೆನಪಿನೊಳಗೆ ತಮ್ಮ ಇಡೀ ಮುಪ್ಪನ್ನು ಕಳೆದ ಮನುಷ್ಯ ಅವರು.

ಇಂಥದ್ದು ನಮ್ಮ ಇತಿಹಾಸಕ್ಕೆ ಹೊಸದಲ್ಲ. 1857ರ ಬಳಿಕ ನೇಪಾಳದ ಕಾಡಿನಲ್ಲಿ ಕಣ್ಮರೆಯಾದ ನಾನಾ ಸಾಹೇಬ ಸಿಕ್ಕನೆಂದು 1874ರಲ್ಲಿ ಗ್ವಾಲಿಯರಿನ ಸಿಂಧಿಯಾ ಒಬ್ಬನನ್ನು ಹಿಡಿದುಕೊಟ್ಟ. ಅವನಲ್ಲವೆಂದು ಬ್ರಿಟಿಷರೇ ಬಿಡಬೇಕಾಯಿತು. ನಮ್ಮ ಕೊಡಗು ಮತ್ತು ತುಳುನಾಡಿನಲ್ಲೇ ಇದಕ್ಕೆ ಹತ್ತಿರದ ಉದಾಹರಣೆಯಿದೆ. ಕೊಡಗಿನ ರಾಜವಂಶದವನೆಂದು ಹೇಳಿಕೊಂಡು ಬಂಡಾಯವೆದ್ದ ಕಲ್ಯಾಣಸ್ವಾಮಿ ಸೆರೆಯಾದ ಮೇಲೆ, ಪುಟ್ಟಬಸಪ್ಪ ಎಂಬ ರೈತ ಅದೇ ಹೆಸರನ್ನು ಧರಿಸಿ ಮುಂದೆ ಬಂದ. ಜನ ಅವನ ಹಿಂದೆ ಸುಳ್ಯದಿಂದ ಮಂಗಳೂರಿನವರೆಗೆ ನಡೆದು 1837ರ ಏಪ್ರಿಲಿನಲ್ಲಿ ಬಾವುಟಗುಡ್ಡದ ಮೇಲೆ ತಮ್ಮ ಧ್ವಜವನ್ನೇ ಏರಿಸಿದರು. ಅಮರಸುಳ್ಯದ ರೈತರಿಗೆ ನಾಯಕನ ಮುಖಕ್ಕಿಂತ ಅವನ ಹೆಸರು ಮುಖ್ಯವಾಗಿತ್ತು, ಏಕೆಂದರೆ ಕಂದಾಯದ ಭಾರ ಇಳಿಯುವ ಭರವಸೆ ಆ ಹೆಸರಿನಲ್ಲಿತ್ತು. ದೇಶ ಒಡೆದು ರಕ್ತ ಹರಿದ 1947ರ ನಂತರದ ಬಂಗಾಳಕ್ಕೂ ಸುಭಾಷ್ ಎಂಬ ಹೆಸರು ಅಂಥದ್ದೇ ಆಗಿತ್ತು: ಅವರಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದವರು, ಅವರು ಬಂದರೆ ಸರಿಯಾಗುತ್ತದೆ ಎಂದೂ ಹೇಳಿಕೊಂಡರು.

ಈ ನೋವನ್ನು ಸಂಶಯವಾಗಿ ಗಟ್ಟಿಗೊಳಿಸಿದ್ದು ಗೋಪ್ಯತೆ. ದಶಕಗಳ ಕಾಲ ನೇತಾಜಿಗೆ ಸಂಬಂಧಿಸಿದ ಕಡತಗಳನ್ನು ಕೇಳಿದಾಗಲೆಲ್ಲ, ಅವು ಹೊರಬಂದರೆ ವಿದೇಶಗಳೊಂದಿಗಿನ ಸಂಬಂಧ ಕೆಡುತ್ತದೆಂಬ ಉತ್ತರ ಬರುತ್ತಿತ್ತು. ಸತ್ತವರ ಕಡತದಲ್ಲಿ ಅಂಥದ್ದೇನಿದೆ ಎಂದು ಕೇಳುವುದು ಸಹಜ. 1992ರಲ್ಲಿ ಮರಣೋತ್ತರ ಭಾರತ ರತ್ನ ಪ್ರಕಟಿಸಿದಾಗ ‘ಮರಣೋತ್ತರ’ ಎಂಬ ಪದದ ಮೇಲೇ ದಾವೆ ನಡೆದು, ಕೊನೆಗೆ ಆ ಪ್ರಕಟಣೆ ರದ್ದಾಯಿತು. 2015ರಲ್ಲಿ ಹೊರಬಂದ ಕಾಗದಗಳಿಂದ, ಗುಪ್ತಚರ ಇಲಾಖೆ 1948ರಿಂದ 1968ರವರೆಗೆ ಬೋಸ್ ಕುಟುಂಬದ ಮೇಲೆ ಕಣ್ಣಿಟ್ಟು ಅವರ ಪತ್ರಗಳನ್ನು ಒಡೆದು ಓದುತ್ತಿತ್ತೆಂಬುದು ತಿಳಿಯಿತು. ಸ್ವತಂತ್ರ ದೇಶದ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರನ ಮನೆಯವರಿಗೆ ಹೀಗೆ ಮಾಡಿದ್ದು ಅಕ್ಷಮ್ಯವೆಂದೇ ನಾನು ಭಾವಿಸುತ್ತೇನೆ. ಅದೇ ವರ್ಷ ಪಶ್ಚಿಮ ಬಂಗಾಳ ಸರ್ಕಾರ 64 ಕಡತಗಳನ್ನೂ, 2016ರ ಜನವರಿ 23ರಿಂದ ಕೇಂದ್ರ ಸರ್ಕಾರ ಹಂತ ಹಂತವಾಗಿ ನೂರಾರು ಕಡತಗಳನ್ನೂ ಸಾರ್ವಜನಿಕಗೊಳಿಸಿದವು. ಅವುಗಳಲ್ಲಿ ನೇತಾಜಿ 1945ರ ನಂತರ ಬದುಕಿದ್ದರೆಂಬುದಕ್ಕೆ ಪುರಾವೆ ಸಿಗಲಿಲ್ಲ. 1956ರಲ್ಲೇ ಸಿದ್ಧವಾಗಿದ್ದ ಜಪಾನ್ ಸರ್ಕಾರದ ತನಿಖಾ ವರದಿಯೂ 2016ರಲ್ಲೇ ಬೆಳಕಿಗೆ ಬಂದು, ಅಪಘಾತದ ವಿವರವನ್ನು ಮತ್ತೆ ಖಚಿತಪಡಿಸಿತು. ಅರವತ್ತು ವರ್ಷ ಮೊದಲೇ ಇವೆಲ್ಲ ತೆರೆದುಕೊಂಡಿದ್ದರೆ ಎಷ್ಟೋ ‘ಅಂತೆ’ಗಳಿಗೆ ನಿಲ್ಲಲು ನೆಲೆಯೇ ಇರುತ್ತಿರಲಿಲ್ಲ.

ರೆಂಕೋಜಿಯ ಭಸ್ಮ ಮಾತ್ರ ಈ ಎಲ್ಲ ವಾದಗಳ ನಡುವೆ ಅಲ್ಲೇ ಉಳಿದಿದೆ. 1957ರಲ್ಲಿ ನೆಹರೂ, ಮರುವರ್ಷ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, 1969ರಲ್ಲಿ ಇಂದಿರಾ ಗಾಂಧಿ, 2001ರಲ್ಲಿ ವಾಜಪೇಯಿ ಅಲ್ಲಿಗೆ ಹೋಗಿ ಕೈಮುಗಿದು ಬಂದಿದ್ದಾರೆ. ಯಾರೂ ಅದನ್ನು ಜೊತೆಗೆ ತರಲಿಲ್ಲ. ತಂದರೆ ಸಾವನ್ನು ಒಪ್ಪಿದಂತಾಗುತ್ತದೆ, ಒಪ್ಪಿದರೆ ಬಂಗಾಳ ಸಿಟ್ಟಾಗುತ್ತದೆ ಎಂಬ ಅಳುಕು ಎಲ್ಲ ಪಕ್ಷಗಳಿಗೂ ಇತ್ತು. 1942ರ ನವೆಂಬರಿನಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ತಂದೆಯ ನೆನಪೇ ಇಲ್ಲದೆ ಬೆಳೆದ ಮಗಳು ಅನಿತಾ ಬೋಸ್ ಫಾಫ್, ತಂದೆ ತೈಪೆಯಲ್ಲಿ ತೀರಿಕೊಂಡರೆಂದೇ ನಂಬಿದ್ದಾರೆ. ಸಂಶಯವಿದ್ದವರ ಸಮಾಧಾನಕ್ಕಾಗಿ ಡಿಎನ್‌ಎ ಪರೀಕ್ಷೆಯಾಗಲಿ, ಆಮೇಲೆ ಭಸ್ಮ ಭಾರತಕ್ಕೆ ಬರಲಿ ಎಂದು ಅವರು ಮತ್ತೆ ಮತ್ತೆ ಕೇಳಿದ್ದಾರೆ. ಪ್ರತಿ ಆಗಸ್ಟ್ 18ರಂದು ಟೋಕಿಯೊದ ಸುಗಿನಾಮಿ ಬಡಾವಣೆಯ ಆ ಚಿಕ್ಕ ದೇವಾಲಯದಲ್ಲಿ ನೇತಾಜಿಗಾಗಿ ಪ್ರಾರ್ಥನೆ ನಡೆಯುತ್ತದೆ.